ನೆತ್ತಿಗೇರುವ ತುತ್ತು: ಮಕ್ಕಳಲ್ಲಿ ಉಣ್ಣುವ, ನುಂಗುವ ತೊಂದರೆಗಳು

ಊಟದ ನಡುವೆ ಮಗು ಒಮ್ಮೆಲೇ ಕೆಮ್ಮಿ ಕಣ್ಣಲ್ಲಿ ನೀರು ತುಂಬಿಕೊಂಡರೆ ‘ನೆತ್ತಿಗೇರಿತು’ ಎನ್ನುತ್ತೇವೆ. ಅಜ್ಜಿ ಅದರ ನೆತ್ತಿಯ ಮೇಲೆ ಮೆಲ್ಲಗೆ ತಟ್ಟಿ ‘ಯಾರೋ ನೆನಸಾಕತ್ತಾರ’ ಎನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಎಲ್ಲವೂ ಸರಿಹೋಗುತ್ತದೆ. ನಿಜವಾಗಿ ಆ ತುತ್ತು ನೆತ್ತಿಗೆ ಏರಿರುವುದಿಲ್ಲ. ಅನ್ನನಾಳಕ್ಕೆ ಹೋಗಬೇಕಾದದ್ದು ದಾರಿ ತಪ್ಪಿ ಶ್ವಾಸನಾಳದ ಬಾಗಿಲಿಗೆ ಬಂದಿರುತ್ತದೆ. ಅದನ್ನು ಹೊರಗೆ ದೂಡಲು ದೇಹ ಹೂಡುವ ಉಪಾಯವೇ ಕೆಮ್ಮು.

ಅಪರೂಪಕ್ಕೊಮ್ಮೆ ಹೀಗಾದರೆ ಚಿಂತಿಸಬೇಕಿಲ್ಲ. ಪ್ರತಿ ಊಟದಲ್ಲೂ ಆದರೆ? ತುತ್ತು ದಾರಿ ತಪ್ಪಿದರೂ ಕೆಮ್ಮು ಬಾರದೇ ಇದ್ದರೆ? ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಗಂಭೀರವಾದದ್ದು. ಇಂಥ ಮಕ್ಕಳು ನಮ್ಮ ಊರುಗಳಲ್ಲಿ ಇದ್ದಾರೆ. ಅವರಿಗೆ ‘ಹಟಮಾರಿ’, ‘ಉಣ್ಣಾಕ ಬ್ಯಾಸರ’, ‘ಎದೀ ಕಫದ ಕೂಸು’ ಎಂಬ ಹೆಸರುಗಳು ಬಿದ್ದಿರುತ್ತವೆ. ತೊಂದರೆ ಇರುವುದು ನುಂಗುವಿಕೆಯಲ್ಲಿ ಎಂಬುದು ಬಹಳ ಕಾಲ ಯಾರಿಗೂ ಹೊಳೆಯುವುದಿಲ್ಲ.

ಒಂದು ಸೆಕೆಂಡಿನ ಕೆಲಸ

ಗಂಟಲಿನ ಮುಂಭಾಗದ ಉಬ್ಬಿನ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿ. ಉಬ್ಬು ಥಟ್ಟನೆ ಮೇಲೇರಿ ಕೆಳಗಿಳಿಯುತ್ತದೆ. ಆ ಕ್ಷಣ ಉಸಿರು ನಿಂತಿರುತ್ತದೆ. ಈಗ ತಲೆಯನ್ನು ಹಿಂದಕ್ಕೆ ಬಾಗಿಸಿ, ಮಾಳಿಗೆಯನ್ನು ನೋಡುತ್ತ ಮತ್ತೊಮ್ಮೆ ನುಂಗಿ. ಕಷ್ಟವಾಯಿತಲ್ಲವೇ? ಮೂರನೆಯದಾಗಿ, ಬಾಯಿ ತೆರೆದುಕೊಂಡೇ ನುಂಗಲು ಪ್ರಯತ್ನಿಸಿ. ತರಗತಿಯಲ್ಲಿ ಖರ್ಚಿಲ್ಲದೆ ಮಾಡಿಸಬಹುದಾದ ಈ ಮೂರು ಪ್ರಯೋಗಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಚಿಕಿತ್ಸೆಯ ಬಹುಪಾಲು ಇವುಗಳಲ್ಲೇ ಅಡಗಿದೆ.

ಗಾಳಿ ಮತ್ತು ಆಹಾರ ಎರಡೂ ಗಂಟಲಕುಳಿ ಎಂಬ ಒಂದೇ ಓಣಿಯಲ್ಲಿ ಸಾಗುತ್ತವೆ. ಓಣಿಯ ಕೆಳಗಿನ ತುದಿಯಲ್ಲಿ ಎರಡು ದಾರಿಗಳಿವೆ. ಮುಂದಿನದು ಶ್ವಾಸನಾಳ, ಹಿಂದಿನದು ಅನ್ನನಾಳ. ನಾಲಗೆ ತುತ್ತನ್ನು ಹಿಂದಕ್ಕೆ ದೂಡಿದೊಡನೆ ಮೆದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ. ಧ್ವನಿತಂತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಮುಚ್ಚಳ ಬಾಗುತ್ತದೆ. ಅನ್ನನಾಳದ ಬಾಯಿ ಸಡಿಲಗೊಂಡು ತುತ್ತನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಗಂಟಲಕುಳಿಯ ಈ ಎಲ್ಲ ಕೆಲಸವೂ ಒಂದು ಸೆಕೆಂಡಿನೊಳಗೆ ಮುಗಿಯಬೇಕು. ಮಿದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ 5 ಜೊತೆ, 25ಕ್ಕಿಂತ ಹೆಚ್ಚು ಜೊತೆ ಸ್ನಾಯುಗಳು ಇದರಲ್ಲಿ ಪಾಲ್ಗೊಳ್ಳುತ್ತವೆ. ಅವುಗಳಿಗೆ ತಾಳ ಹಾಕುವುದು ಮಿದುಳಿನ ಬುಡದಲ್ಲಿರುವ ಮೆಡುಲ.

ಭ್ರೂಣವು ಗರ್ಭದ ನಾಲ್ಕನೆಯ ತಿಂಗಳ ಹೊತ್ತಿಗಾಗಲೇ ಸುತ್ತಲಿನ ದ್ರವವನ್ನು ನುಂಗುತ್ತಿರುತ್ತದೆ. ಆದರೆ ಚೀಪು, ನುಂಗು, ಉಸಿರಾಡು ಎಂಬ ಮೂರೂ ಕ್ರಿಯೆಗಳು ಒಂದು ಲಯಕ್ಕೆ ಬರುವುದು ಸುಮಾರು 34 ವಾರಗಳಿಗೆ. ಅದಕ್ಕಿಂತ ಮೊದಲೇ ಹುಟ್ಟಿದ ಕೂಸು ಮೊಲೆ ಹಿಡಿದರೂ ದಣಿಯುವುದು, ಹಾಲು ಕುಡಿಯುತ್ತಲೇ ನೀಲಿಗಟ್ಟುವುದು ಇದರಿಂದಲೇ. ತಾಯಿಯ ಹಾಲು ಕಡಿಮೆ ಎಂಬುದು ಇಲ್ಲಿ ಕಾರಣವಲ್ಲ.

ಯಾರ ಮನೆಯಲ್ಲಿ?

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಈ ವಿಷಯ ನೋಡೋಣ. ಕೃಷ್ಣಾ, ಘಟಪ್ರಭಾ ನದಿಗಳ ನೀರು, ಕಬ್ಬು, ಬೆಲ್ಲ, ಮಗ್ಗ ಇಲ್ಲಿನ ಬದುಕು. ಬನಹಟ್ಟಿಯ ಒಂದು ನೇಕಾರರ ಮನೆಯನ್ನು ಊಹಿಸಿಕೊಳ್ಳಿ. ಹಗಲೆಲ್ಲ ಪವರ್‌ಲೂಮಿನ ಸದ್ದು. ನಾಲ್ಕು ವರ್ಷದ ಹುಡುಗ. ಹುಟ್ಟಿದಾಗ ತಡವಾಗಿ ಅತ್ತಿದ್ದ. ಇನ್ನೂ ಕೂಡಲು ಬಾರದು, ಕೈಕಾಲು ಬಿಗಿ. ತಾಯಿ ಅವನನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ತಲೆಯನ್ನು ಮೊಣಕೈ ಆಚೆಗೆ ಬಿಟ್ಟು, ಬೇಳೆಯ ತಿಳಿಯನ್ನು ಬಾಯಿಗೆ ಸುರಿಯುತ್ತಾಳೆ. ಮಗು ಮುಖ ತಿರುಗಿಸುತ್ತದೆ, ಬೆನ್ನು ಬಿಲ್ಲಾಗಿಸುತ್ತದೆ. ಒಂದು ಬಟ್ಟಲು ಮುಗಿಯಲು ಒಂದು ತಾಸು. ಚಳಿಗಾಲದಲ್ಲಿ ಎರಡು ಸಲವಾದರೂ ‘ನಿಮೋನಿಯಾ’ ಎಂದು ಆಸ್ಪತ್ರೆ. ಹುಡುಗನ ತೂಕ ಎರಡು ವರ್ಷದವನಷ್ಟು.

ಈ ತಾಯಿ ಮಾಡುತ್ತಿರುವುದರಲ್ಲಿ ಅಕ್ಕರೆಯ ಕೊರತೆ ಎಳ್ಳಷ್ಟೂ ಇಲ್ಲ. ಆದರೆ ಮಾಳಿಗೆ ನೋಡುತ್ತ ನುಂಗಿದಾಗ ನಿಮಗಾದ ಕಷ್ಟವನ್ನು ನೆನಪಿಸಿಕೊಳ್ಳಿ. ತಲೆ ಹಿಂದಕ್ಕೆ ಬಾಗಿದಾಗ ಶ್ವಾಸನಾಳದ ಬಾಗಿಲು ಅಗಲವಾಗಿ ತೆರೆದಿರುತ್ತದೆ, ಧ್ವನಿಪೆಟ್ಟಿಗೆ ಮೇಲೇರಲಾರದು. ತೆಳ್ಳಗಿನ ಬೇಳೆತಿಳಿ, ಬಾಗಿಲು ಮುಚ್ಚುವ ಮುನ್ನವೇ ಅಲ್ಲಿಗೆ ತಲುಪುತ್ತದೆ. ಹೀಗೆ ಆಹಾರ ಶ್ವಾಸನಾಳದೊಳಗೆ ಇಳಿಯುವುದಕ್ಕೆ ವೈದ್ಯರು ಆಸ್ಪಿರೇಷನ್ ಎನ್ನುತ್ತಾರೆ. ಪದೇ ಪದೇ ಹೀಗಾದರೆ ಬಾಯಿಯ ಬ್ಯಾಕ್ಟೀರಿಯಗಳೂ ಜೊತೆಗೆ ಇಳಿದು ಪುಪ್ಪುಸ ಸೋಂಕಿಗೆ ಒಳಗಾಗುತ್ತದೆ. ಚುಚ್ಚುಮದ್ದಿನಿಂದ ನಿಮೋನಿಯಾ ವಾಸಿಯಾಗುತ್ತದೆ. ಮನೆಗೆ ಬಂದ ಮೇಲೆ ಉಣಿಸುವ ರೀತಿ ಅದೇ ಆದ್ದರಿಂದ ಮತ್ತೆ ಬರುತ್ತದೆ.

ಮೇಲಿನ ಹುಡುಗನಿಗಿರುವುದು ಸೆರೆಬ್ರಲ್ ಪಾಲ್ಸಿ, ಅಂದರೆ ಬೆಳೆಯುತ್ತಿರುವ ಮಿದುಳಿಗೆ ಆದ ಪೆಟ್ಟಿನಿಂದ ಚಲನೆಯ ಹಿಡಿತ ತಪ್ಪಿದ ಸ್ಥಿತಿ. ನುಂಗುವ ತೊಂದರೆ ಬಹಳವಾಗಿ ಕಾಣುವುದು ಇಂಥ ಮಕ್ಕಳಲ್ಲಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ನಾಲಗೆ, ತುಟಿಗಳ ಸ್ನಾಯು ಸಡಿಲ. ಹೃದಯದ ಕಾಯಿಲೆಯಿರುವ ಕೂಸು ಮೊಲೆ ಚೀಪುತ್ತಲೇ ಬೆವರಿ ಸುಸ್ತಾಗುತ್ತದೆ. ಜಠರದ ಆಮ್ಲ ಮೇಲೆ ಬಂದು ಅನ್ನನಾಳ ಉರಿಯುತ್ತಿದ್ದರೆ ಮಗುವಿಗೆ ಊಟವೆಂದರೆ ನೋವು ಎಂದೇ ರೂಢಿಯಾಗುತ್ತದೆ. ಆಟಿಸಂ ಇರುವ ಕೆಲವು ಮಕ್ಕಳು ಒಂದೇ ಬಣ್ಣದ, ಒಂದೇ ಹದದ ಆಹಾರವನ್ನಷ್ಟೇ ಮುಟ್ಟುತ್ತಾರೆ. ವೈದ್ಯಕೀಯ ಕಾರಣ, ಪೋಷಣೆ, ಉಣ್ಣುವ ಕೌಶಲ, ಮನಸ್ಸು ಮತ್ತು ಮನೆಯ ವಾತಾವರಣ, ಈ ನಾಲ್ಕನ್ನೂ ಒಟ್ಟಿಗೆ ನೋಡಬೇಕು ಎಂಬುದು 2019ರಲ್ಲಿ ತಜ್ಞರು ಒಮ್ಮತದಿಂದ ಮುಂದಿಟ್ಟ ಚೌಕಟ್ಟು.

ಸೀಳು ಅಂಗುಳದ ವಿಷಯ ಭೌತವಿಜ್ಞಾನದ ಪಾಠದಂತಿದೆ. ಬಾಯೊಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾದರೆ ಮಾತ್ರ ಹಾಲು ಚೀಪಲು ಸಾಧ್ಯ. ಅಂಗುಳದಲ್ಲಿ ಸೀಳಿದ್ದರೆ ಮೂಗಿನಿಂದ ಗಾಳಿ ನುಗ್ಗಿ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ನಡುವೆ ತೂತಾದ ಸ್ಟ್ರಾದಿಂದ ಎಳನೀರು ಹೀರಿದಂತೆ. ಕೂಸು ಗಂಟೆಗಟ್ಟಲೆ ಚೀಪಿದರೂ ಹೊಟ್ಟೆಗೆ ಹೋಗುವುದು ಅಲ್ಪ, ಮೂಗಿನಿಂದ ಬರುವುದೇ ಹೆಚ್ಚು. ಇದಕ್ಕೆ ನಮ್ಮ ಹಿರಿಯರ ಬಳಿಯೇ ಒಂದು ಸಾಧನ ಇತ್ತು. ಕನ್ನಡ ನಾಡಿನ ಹಲವೆಡೆ ಒಳಲೆ ಎಂದು ಕರೆಯುವ, ಉದ್ದ ಮೂತಿಯ ಪುಟ್ಟ ಬಟ್ಟಲು. ಹಿಂಡಿ ತೆಗೆದ ಎದೆಹಾಲನ್ನು, ಕೂಸನ್ನು ನೆಟ್ಟಗೆ ಹಿಡಿದು, ಒಳಲೆಯಿಂದಲೋ ಚಮಚದಿಂದಲೋ ಸ್ವಲ್ಪ ಸ್ವಲ್ಪವೇ ಕೊಟ್ಟರೆ ಚೀಪುವ ಅಗತ್ಯವೇ ಬೀಳುವುದಿಲ್ಲ. ಆಧುನಿಕ ನವಜಾತ ಶಿಶು ಘಟಕಗಳಲ್ಲೂ ಇದೇ ಬಟ್ಟಲು ಬಳಕೆಯಲ್ಲಿದೆ. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳ ನಡುವೆ, ಅಂಗುಳದ್ದು 9ರಿಂದ 18 ತಿಂಗಳ ನಡುವೆ ನಡೆಯುತ್ತದೆ. ಅಲ್ಲಿಯವರೆಗೆ ಕೂಸಿನ ತೂಕ ಹೆಚ್ಚಿಸುವುದೇ ದೊಡ್ಡ ಕೆಲಸ. ಉತ್ತರ ಕರ್ನಾಟಕದವರಿಗೆ ಧಾರವಾಡದ ಎಸ್.ಡಿ.ಎಂ. ದಂತ ವೈದ್ಯಕೀಯ ಕಾಲೇಜಿನಲ್ಲಿ ಇಂಥ ಶಸ್ತ್ರಚಿಕಿತ್ಸೆಯ ವಿಶೇಷ ವಿಭಾಗವಿದೆ.

ಗುರುತಿಸುವುದು ಹೇಗೆ?

ಮೊದಲ ಪರೀಕ್ಷೆಗೆ ಯಂತ್ರ ಬೇಡ. ಮಗು ಉಣ್ಣುವುದನ್ನು ಕುಳಿತು ನೋಡಬೇಕು. ಸಾಮಾನ್ಯವಾಗಿ ಒಂದು ಊಟಕ್ಕೆ 30 ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿದ್ದರೆ ಅದೊಂದು ಎಚ್ಚರಿಕೆ. ನೀರು ಕುಡಿದ ಮೇಲೆ ದನಿ ಗೊರಗೊರ ಎಂದು ಒದ್ದೆಯಾಗುವುದು, ಉಣ್ಣುವಾಗ ಕಣ್ಣು ಕೆಂಪಾಗಿ ನೀರಾಡುವುದು, ಮೂಗಿನಿಂದ ಹಾಲು ಬರುವುದು, ತುತ್ತು ಕೆನ್ನೆಯಲ್ಲೇ ಉಳಿಯುವುದು, ಚಮಚ ಕಂಡೊಡನೆ ಅಳು, ಕಾರಣ ತಿಳಿಯದ ಜ್ವರ, ಮತ್ತೆ ಮತ್ತೆ ಬರುವ ನಿಮೋನಿಯಾ, ತೂಕ ಏರದಿರುವುದು. ಇವುಗಳಲ್ಲಿ ಒಂದೆರಡು ಕೂಡಿಬಂದರೂ ತಜ್ಞರಿಗೆ ತೋರಿಸಬೇಕು.

ಕೆಮ್ಮಿಲ್ಲದಿರುವುದು ಸುರಕ್ಷತೆಯ ಗುರುತಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ನರಗಳ ತೊಂದರೆಯಿರುವ ಮಕ್ಕಳಲ್ಲಿ ಶ್ವಾಸನಾಳದ ಸಂವೇದನೆಯೇ ಮಂದವಾಗಿರಬಹುದು. ಆಹಾರ ಒಳಗಿಳಿದರೂ ಸದ್ದಿಲ್ಲ. ‘ಮೊದಲು ಕೆಮ್ಮುತ್ತಿದ್ದ, ಈಗ ಇಲ್ಲ, ಸುಧಾರಿಸಿದ್ದಾನೆ’ ಎಂದು ಮನೆಯವರು ಸಮಾಧಾನಪಟ್ಟುಕೊಂಡಿರುತ್ತಾರೆ. ಇದನ್ನು ಖಚಿತಪಡಿಸಲು ಎರಡು ಪರೀಕ್ಷೆಗಳಿವೆ. ಒಂದರಲ್ಲಿ ಬೇರಿಯಂ ಬೆರೆಸಿದ ಆಹಾರವನ್ನು ಕೊಟ್ಟು, ಅದು ಗಂಟಲಿನಲ್ಲಿ ಸಾಗುವುದನ್ನು ಎಕ್ಸ್-ರೇ ಮೂಲಕ ಚಲನಚಿತ್ರದಂತೆ ನೋಡುತ್ತಾರೆ. ಇದು ವಿಡಿಯೋಫ್ಲೋರೋಸ್ಕೋಪಿ. ಇನ್ನೊಂದರಲ್ಲಿ ಮೂಗಿನ ಮೂಲಕ ತೆಳುವಾದ ಎಂಡೋಸ್ಕೋಪ್ ಇಳಿಸಿ ಮೇಲಿನಿಂದಲೇ ಗಂಟಲಕುಳಿಯನ್ನು ವೀಕ್ಷಿಸುತ್ತಾರೆ. ಎಲ್ಲ ಮಕ್ಕಳಿಗೂ ಇವು ಬೇಕಾಗುವುದಿಲ್ಲ. ಅನುಭವಿ ವಾಕ್ ಚಿಕಿತ್ಸಕರು ಒಂದು ಊಟವನ್ನು ನೋಡಿಯೇ ಬಹಳಷ್ಟು ಹೇಳಬಲ್ಲರು. ಮಾತು ಕಲಿಸುವವರಿಗೂ ನುಂಗುವುದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ತುಟಿ, ನಾಲಗೆ, ಅಂಗುಳ, ಧ್ವನಿಪೆಟ್ಟಿಗೆ ಎರಡು ಕೆಲಸಗಳಿಗೂ ಅವೇ ಅಲ್ಲವೇ!

ಕೆಲವು ರೂಢಿಗಳ ಬಗ್ಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕೂಸು ಉಣ್ಣದಿದ್ದರೆ ‘ಕಿರುನಾಲಗೆ ಬಿದ್ದಿದೆ’ ಎಂದು ಬೆರಳಿನಿಂದ ಒತ್ತುವುದು, ಮೂಗು ಹಿಡಿದು ಬಾಯಿಗೆ ಸುರಿಯುವುದು, ಮೂಗಿಗೆ ಎಣ್ಣೆ ಬಿಡುವುದು, ಹರಳೆಣ್ಣೆಯನ್ನೋ ತುಪ್ಪವನ್ನೋ ಒತ್ತಾಯದಿಂದ ಕುಡಿಸುವುದು. ಎಣ್ಣೆಯ ಅಪಾಯ ವಿಶೇಷವಾದದ್ದು. ಅದು ಶ್ವಾಸನಾಳದ ಗೋಡೆಯನ್ನು ಕೆರಳಿಸದೆ, ಕೆಮ್ಮು ಬರಿಸದೆ ಜಾರಿ ಪುಪ್ಪುಸಕ್ಕೆ ಇಳಿಯುತ್ತದೆ. ಅಲ್ಲಿ ಅದನ್ನು ಕರಗಿಸುವ ವ್ಯವಸ್ಥೆಯಿಲ್ಲ. ಲಿಪಾಯ್ಡ್ ನಿಮೋನಿಯಾ ಎಂಬ ಹಟಮಾರಿ ಕಾಯಿಲೆ ಹೀಗೆ ಬರುತ್ತದೆ. ದಕ್ಷಿಣ ಭಾರತದ ಶಿಶುಗಳಲ್ಲಿ ವೈದ್ಯರು ಇದನ್ನು ಕಂಡು ದಾಖಲಿಸಿದ್ದಾರೆ.

ಚಿಕಿತ್ಸೆ: ಕೂಡಿಸುವುದರಿಂದ ಆರಂಭ

ಸೊಂಟ, ಮೊಣಕಾಲು ಲಂಬಕೋನದಲ್ಲಿ ಮಡಚಿರಬೇಕು. ಪಾದಕ್ಕೆ ಆಸರೆ ಬೇಕು. ತಲೆ ನಡುವಿಗೆ, ಗದ್ದ ತುಸು ಒಳಕ್ಕೆ. ಪಾದ ತೇಲುತ್ತಿದ್ದರೆ ಬಿಗಿ ಸ್ನಾಯುಗಳ ಮಗು ಇಡೀ ಮೈಯನ್ನು ಹಿಂದಕ್ಕೆ ಚಾಚುತ್ತದೆ, ತಲೆಯೂ ಹಿಂದೆ ಹೋಗುತ್ತದೆ. ಇದಕ್ಕೆ ಗೋಡೆಯ ಮೂಲೆಯಂತೆ ಎರಡು ಹಲಗೆ ಕೂಡಿಸಿದ ಕುರ್ಚಿಯನ್ನು ಊರಿನ ಬಡಿಗೇರರೇ ಮಾಡಿಕೊಡಬಲ್ಲರು. ಅಳತೆಯನ್ನು ಫಿಸಿಯೋಥೆರಪಿಸ್ಟ್ ಹೇಳಬೇಕು. ಉಣಿಸುವವರು ಮಗುವಿನ ಎದುರಿಗೆ, ಅದರ ಕಣ್ಣಿನ ಮಟ್ಟದಲ್ಲಿ ಕೂಡಬೇಕು. ನಿಂತು ಉಣಿಸಿದರೆ ಮಗು ತಲೆ ಎತ್ತಲೇಬೇಕಾಗುತ್ತದೆ. ಚಮಚ ಚಪ್ಪಟೆಯಾಗಿ, ಆಳವಿಲ್ಲದೆ ಇರಲಿ. ಅದನ್ನು ನಾಲಗೆಯ ನಡುವೆ ಮೆಲ್ಲಗೆ ಒತ್ತಿ, ತುಟಿ ಮುಚ್ಚುವವರೆಗೆ ಕಾಯಬೇಕು. ತುಟಿ ತಾನಾಗಿ ಮುಚ್ಚದಿದ್ದರೆ ಗದ್ದದ ಕೆಳಗೆ ಬೆರಳಿನ ಆಸರೆ ಕೊಡಬಹುದು. ಬಾಯಿ ತೆರೆದು ನುಂಗುವ ಪ್ರಯೋಗ ನೆನಪಿದೆಯಲ್ಲ. ಹಿಂದಿನ ತುತ್ತು ಇಳಿದ ಮೇಲೆಯೇ ಮುಂದಿನದು. ಊಟವಾದ ಅರ್ಧ ಗಂಟೆ ಮಲಗಿಸಬಾರದು. ಹಲ್ಲುಜ್ಜುವುದೂ ಚಿಕಿತ್ಸೆಯ ಭಾಗವೇ. ಬಾಯಿ ಸ್ವಚ್ಛವಾಗಿದ್ದರೆ ದಾರಿ ತಪ್ಪಿದ ಎಂಜಲಿನಲ್ಲಿ ರೋಗಾಣುಗಳು ಕಡಿಮೆ.

ಗಂಜಿಯ ಹದ ಅಳೆಯೋಣ

ಆಹಾರದ ಹದ ಎರಡನೆಯ ಮುಖ್ಯ ಅಂಶ. ನೀರು, ಬೇಳೆತಿಳಿ, ಚಹಾ ವೇಗವಾಗಿ ಹರಿಯುತ್ತವೆ. ಅವನ್ನು ತುಸು ಗಟ್ಟಿಗೊಳಿಸಿದರೆ ನಿಧಾನವಾಗಿ ಸಾಗಿ, ಬಾಗಿಲು ಮುಚ್ಚಲು ಸಮಯ ಸಿಗುತ್ತದೆ. ಹಾಗೆಂದು ಬಹಳ ಗಟ್ಟಿ ಮಾಡಿದರೆ ಗಂಟಲಕುಳಿಯಲ್ಲೇ ಅಂಟಿ ಉಳಿದು, ಆಮೇಲೆ ಉಸಿರಿನೊಡನೆ ಒಳಗಿಳಿಯುತ್ತದೆ. ಎಷ್ಟು ಗಟ್ಟಿ ಎಂಬುದನ್ನು ತಜ್ಞರು ಮಗುವಿಗೆ ತಕ್ಕಂತೆ ನಿರ್ಧರಿಸುತ್ತಾರೆ. ಆದರೆ ‘ಸ್ವಲ್ಪ ಗಟ್ಟಿ’ ಎಂದರೆ ಒಬ್ಬೊಬ್ಬರಿಗೆ ಒಂದೊಂದು. ಈ ಗೊಂದಲ ತಪ್ಪಿಸಲು 2013ರಲ್ಲಿ ಆರಂಭವಾದ ಇಡ್ಸಿ ಎಂಬ ಅಂತರರಾಷ್ಟ್ರೀಯ ಪ್ರಯತ್ನ, ಆಹಾರ ಪಾನೀಯಗಳನ್ನು 0ಯಿಂದ 7ರವರೆಗೆ ಎಂಟು ಹಂತಗಳಾಗಿ ವಿಂಗಡಿಸಿದೆ. ಪಾನೀಯ ಅಳೆಯುವ ಅದರ ವಿಧಾನ ಎಷ್ಟು ಸರಳವೆಂದರೆ ಪ್ರೌಢಶಾಲೆಯ ಪ್ರಯೋಗಾಲಯದಲ್ಲೂ ಮಾಡಬಹುದು.

10 ಮಿ.ಲೀ. ಸಿರಿಂಜ್ ಬೇಕು. 0ಯಿಂದ 10ರ ಗೆರೆಯವರೆಗೆ ಅದರ ಉದ್ದ 61.5 ಮಿ.ಮೀ. ಇರಬೇಕು. ಸೂಜಿ ಮತ್ತು ದಂಡವನ್ನು ತೆಗೆದುಹಾಕಿ. ಕೆಳತುದಿಯನ್ನು ಬೆರಳಿನಿಂದ ಮುಚ್ಚಿ 10ರ ಗೆರೆಯವರೆಗೆ ಪಾನೀಯ ತುಂಬಿ. ಬೆರಳು ತೆಗೆದು 10 ಸೆಕೆಂಡು ಹರಿಯಬಿಟ್ಟು ಮತ್ತೆ ಮುಚ್ಚಿ. ಉಳಿದದ್ದು 1 ಮಿ.ಲೀ.ಗಿಂತ ಕಡಿಮೆಯಾದರೆ ಹಂತ 0. ನೀರು ಈ ಹಂತದ್ದು. 1ರಿಂದ 4 ಮಿ.ಲೀ. ಉಳಿದರೆ ಹಂತ 1, 4ರಿಂದ 8 ಉಳಿದರೆ ಹಂತ 2, 8ಕ್ಕಿಂತ ಹೆಚ್ಚು ಉಳಿದರೆ ಹಂತ 3. ಏನೂ ಹರಿಯದಿದ್ದರೆ ಹಂತ 4. ಅದನ್ನು ಚಮಚದಲ್ಲೇ ಕೊಡಬೇಕು.

ಈಗ ಮಜ್ಜಿಗೆ, ಜೋಳದ ಅಂಬಲಿ, ಅಕ್ಕಿಯ ಗಂಜಿ, ರಾಗಿ ಗಂಜಿಗಳನ್ನು ಅಳೆಯಿರಿ. ಬಿಸಿ ಅಂಬಲಿಯನ್ನು ಒಮ್ಮೆ, ಆರಿದ ಮೇಲೆ ಒಮ್ಮೆ ಅಳೆದರೆ ಅಂಕಿ ಬದಲಾಗುವುದು ಕಾಣುತ್ತದೆ. ಪಿಷ್ಟ ತಣ್ಣಗಾದಂತೆ ಗಟ್ಟಿಯಾಗುತ್ತದೆ. ಗಂಜಿಗೆ ಸ್ವಲ್ಪ ಎಂಜಲು ಬೆರೆಸಿ ಕೆಲವು ನಿಮಿಷ ಬಿಟ್ಟು ಅಳೆಯಿರಿ. ಎಂಜಲಿನ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆದು ಗಂಜಿಯನ್ನು ತೆಳ್ಳಗಾಗಿಸಿರುತ್ತದೆ. ಎಂಜಲಾದ ಚಮಚವನ್ನು ಮತ್ತೆ ಮತ್ತೆ ಬಟ್ಟಲಿಗೆ ಅದ್ದಿ ಒಂದು ತಾಸು ಉಣಿಸುವ ಮನೆಯಲ್ಲಿ ಕೊನೆಯ ತುತ್ತು ಮೊದಲ ತುತ್ತಿನ ಹದದಲ್ಲಿ ಇರುವುದಿಲ್ಲ. ದೊಡ್ಡ ಬಟ್ಟಲಿನಿಂದ ಸಣ್ಣದಕ್ಕೆ ಸ್ವಲ್ಪವೇ ಬಡಿಸಿಕೊಂಡು ಉಣಿಸಬೇಕೆನ್ನುವುದು ಇದಕ್ಕೇ.

ಎರಡು ಎಚ್ಚರಿಕೆಗಳು. ಶಿಶುಗಳ ಹಾಲನ್ನು ಮನೆಯವರೇ ಗಟ್ಟಿಗೊಳಿಸಬಾರದು. ಕ್ಸಾಂಥಾನ್ ಅಂಟಿನಿಂದ ಮಾಡಿದ ಒಂದು ಗಟ್ಟಿಕಾರಕವನ್ನು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಕೊಡಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2011ರಲ್ಲಿ ಎಚ್ಚರಿಸಿತ್ತು. ಕೆಲವು ಶಿಶುಗಳಲ್ಲಿ ಕರುಳಿನ ಗಂಭೀರ ರೋಗ ಕಂಡುಬಂದಿತ್ತು. ಇನ್ನೊಂದು, ನೀರು ಕುಡಿದರೆ ಕೆಮ್ಮು ಬರುತ್ತದೆಂದು ನೀರನ್ನೇ ನಿಲ್ಲಿಸುವುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಇದು ಪ್ರಾಣಕ್ಕೇ ಕುತ್ತು. ನೀರಿನಂಶ ಯಾವ ರೂಪದಲ್ಲಿ, ಎಷ್ಟು ಕೊಡಬೇಕೆಂದು ಚಿಕಿತ್ಸಕರಿಂದ ಕೇಳಿ ತಿಳಿಯಬೇಕು.

ಅರ್ಧ ತಾಸಿನಲ್ಲಿ ಮಗು ಉಣ್ಣಬಲ್ಲದ್ದು ಕೆಲವೇ ಚಮಚ. ಆ ಚಮಚಗಳಲ್ಲಿ ಬೇಳೆತಿಳಿ ಇದ್ದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗದು. ನುಣ್ಣಗೆ ಬೇಯಿಸಿ ಮಸೆದ ಜೋಳದ ನುಚ್ಚಿಗೆ ಹೆಸರುಬೇಳೆ, ಬೆಲ್ಲ, ಒಂದು ಚಮಚ ತುಪ್ಪ ಬೆರೆಸಿದರೆ ಅಷ್ಟೇ ಗಾತ್ರದಲ್ಲಿ ಎಷ್ಟೋ ಹೆಚ್ಚು. ಒಂದು ಗ್ರಾಂ ಕೊಬ್ಬು 9 ಕಿಲೋಕ್ಯಾಲರಿ ಕೊಡುತ್ತದೆ. ಪಿಷ್ಟ ಕೊಡುವುದು 4. ತುಪ್ಪವನ್ನು ಹಾಗೆಯೇ ಕುಡಿಸುವುದು ಅಪಾಯ, ಆಹಾರದಲ್ಲಿ ಕಲಸಿದರೆ ಪೋಷಣೆ. ಒಣ ರೊಟ್ಟಿಯ ಚೂರು, ಶೇಂಗಾ ಹಿಂಡಿ, ಚುರುಮುರಿಯಂಥ ಉದುರು ಪದಾರ್ಥ ಇಂಥ ಮಕ್ಕಳಿಗೆ ಬೇಡ.

ನಳಿಕೆಯ ಮಾತು

ಇಷ್ಟೆಲ್ಲ ಮಾಡಿಯೂ ತೂಕ ಏರದಿದ್ದರೆ, ನಿಮೋನಿಯಾ ನಿಲ್ಲದಿದ್ದರೆ ವೈದ್ಯರು ನಳಿಕೆಯ ಮಾತೆತ್ತುತ್ತಾರೆ. ಕೆಲವು ವಾರಗಳ ಮಟ್ಟಿಗೆ ಮೂಗಿನ ನಳಿಕೆ ಸಾಕು. ದೀರ್ಘಕಾಲಕ್ಕಾದರೆ ಹೊಟ್ಟೆಯ ಮೇಲಿಂದ ನೇರ ಜಠರಕ್ಕೆ ಇಡುವ ನಳಿಕೆ ಲೇಸು. ದೊಡ್ಡ ಶಸ್ತ್ರಚಿಕಿತ್ಸೆಯಿಲ್ಲದೆ ಎಂಡೋಸ್ಕೋಪಿನ ನೆರವಿನಿಂದ ಇದನ್ನು ಇಡುವ ವಿಧಾನ ಮೊದಲು ನಡೆದದ್ದು 1979ರಲ್ಲಿ, ಅಮೆರಿಕದ ಕ್ಲೀವ್‌ಲೆಂಡಿನಲ್ಲಿ, ಸುಮಾರು ನಾಲ್ಕೂವರೆ ತಿಂಗಳ ಕೂಸಿಗೆ. ‘ನಳಿಕೆ ಹಾಕಿದರೆ ಕೂಸು ಕೈಬಿಟ್ಟಂತೆ’ ಎಂದು ಮನೆಯವರು ಅಂಜುತ್ತಾರೆ. ನನ್ನ ಮಟ್ಟಿಗೆ ಈ ಅಂಜಿಕೆ ಅರ್ಥವಾಗುವಂಥದ್ದೇ. ಉಣಿಸುವುದು ತಾಯಿಯ ಪಾಲಿಗೆ ಬರೀ ಕ್ಯಾಲರಿಯ ಲೆಕ್ಕವಲ್ಲ. ಆದರೆ ನಳಿಕೆಯಿಂದ ಪೋಷಣೆ ಸಿಕ್ಕ ಮೇಲೆ, ಸುರಕ್ಷಿತವೆಂದು ಚಿಕಿತ್ಸಕರು ಹೇಳಿದರೆ, ರುಚಿಗಾಗಿ ಒಂದೆರಡು ಚಮಚ ಬಾಯಿಯಲ್ಲೂ ಕೊಡಬಹುದು. ದಿನದ ನಾಲ್ಕೈದು ತಾಸಿನ ಹೋರಾಟ ತಪ್ಪುತ್ತದೆ. ಕೆಲವು ಮಕ್ಕಳಿಗೆ ಮುಂದೆ ನಳಿಕೆ ತೆಗೆಯುವುದೂ ಉಂಟು.

ಯಾರ ಬಳಿ ಹೋಗಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬರಬೇಕು. ಸೀಳುತುಟಿ, ಚಲನೆಯ ತೊಂದರೆ, ಬೆಳವಣಿಗೆಯ ವಿಳಂಬ ಅವರು ನೋಡಬೇಕಾದ ಪಟ್ಟಿಯಲ್ಲಿವೆ. ನುಂಗುವ ತೊಂದರೆ ಎಂಬ ಪ್ರತ್ಯೇಕ ಹೆಸರು ಅಲ್ಲಿ ಕಾಣದಿರುವುದರಿಂದ ಶಿಕ್ಷಕರೇ ಬಾಯಿಬಿಟ್ಟು ಹೇಳಬೇಕಾಗುತ್ತದೆ. ತಂಡ ಮಗುವನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬಹುದು. ಇಂಥ ಕೇಂದ್ರದಲ್ಲಿ ಮಕ್ಕಳ ವೈದ್ಯರ ಜೊತೆಗೆ ಫಿಸಿಯೋಥೆರಪಿಸ್ಟ್, ವಾಕ್ ಚಿಕಿತ್ಸಕರು ಇರಬೇಕೆಂಬುದು ನಿಯಮ. ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ನುಂಗುವಿಕೆಯ ವಿಶೇಷ ಪರೀಕ್ಷೆ ಮತ್ತು ಚಿಕಿತ್ಸೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹೆಸರಾದದ್ದು. ಜಮಖಂಡಿಯಿಂದ ಮೈಸೂರು ಹತ್ತಿರವೇನಲ್ಲ, ಮೂರು ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ ಕುರ್ಚಿಯ ಅಳತೆ, ಆಹಾರದ ಹಂತ, ಚಮಚದ ಪ್ರಮಾಣ ಇವನ್ನೆಲ್ಲ ಕನ್ನಡದಲ್ಲಿ ಬರೆಸಿಕೊಂಡು ಬರುವುದು ಜಾಣತನ.

ಶಾಲೆಯ ಬಿಸಿಯೂಟದಲ್ಲಿಯೂ ಗಮನಿಸಲು ಬಹಳವಿದೆ. ಬೇಯಿಸಿದ ಮೊಟ್ಟೆಯ ಒಣ ಹಳದಿ ಭಾಗ ಗಂಟಲಿಗೆ ಅಂಟಿಕೊಳ್ಳುವಂಥದ್ದು. ಅಗಿಯಲು ಕಷ್ಟಪಡುವ ಮಗುವಿಗೆ ಅದನ್ನು ಸಾರಿನಲ್ಲಿ ಕಿವುಚಿ ಕೊಡಬಹುದು. ಇಡೀ ಶೇಂಗಾ ಕಾಳನ್ನು 4-5 ವರ್ಷದವರೆಗೆ ಯಾವ ಮಗುವಿಗೂ ಕೊಡಬಾರದು. ನಮ್ಮ ದೇಶದ ಮಕ್ಕಳ ಶ್ವಾಸನಾಳದಿಂದ ವೈದ್ಯರು ತೆಗೆಯುವ ವಸ್ತುಗಳಲ್ಲಿ ಅದೇ ಮುಂದು. ಸಿಕ್ಕಿಕೊಂಡು ಕೆಮ್ಮಲೂ ಆಗದಿದ್ದರೆ ಮಗುವನ್ನು ಮುಂದಕ್ಕೆ ಬಾಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯಿಂದ 5 ಸಲ ಬಲವಾಗಿ ತಟ್ಟಬೇಕು. ಹೋಗದಿದ್ದರೆ, ಒಂದು ವರ್ಷ ದಾಟಿದವರಿಗೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು 5 ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ಹಸುಗೂಸಾದರೆ ಹೊಟ್ಟೆಯ ಬದಲು ಎದೆಯ ನಡುವೆ. ವಸ್ತು ಕಾಣದಿದ್ದರೆ ಬಾಯೊಳಗೆ ಬೆರಳು ಹಾಕಿ ಹುಡುಕಬಾರದು.

ವಿಶೇಷ ಅಗತ್ಯವುಳ್ಳ ಮಕ್ಕಳ ಮನೆಗೆ ಹೋಗಿ ಪಾಠ ಹೇಳುವ ಸಂಪನ್ಮೂಲ ಶಿಕ್ಷಕರು ಊಟದ ಹೊತ್ತಿಗೆ ಒಮ್ಮೆ ಹೋಗಬೇಕು. ಮನೆಯವರ ಒಪ್ಪಿಗೆ ಪಡೆದು, ಮಗು ಉಣ್ಣುವುದನ್ನು ಪಕ್ಕದಿಂದ ಐದು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿ, ಅವರ ಮೊಬೈಲಿನಲ್ಲೇ ಉಳಿಸಿ ಕೊಡಬಹುದು. ಜೊತೆಗೆ ಒಂದು ಚೀಟಿ: ಊಟಕ್ಕೆ ಹಿಡಿದ ಸಮಯ, ಕೆಮ್ಮಿದ ಸಲ, ವರ್ಷದಲ್ಲಿ ಎಷ್ಟು ಸಲ ನಿಮೋನಿಯಾ, ಕಳೆದ ಮೂರು ತಿಂಗಳ ತೂಕ. ಅಪರಿಚಿತ ಆಸ್ಪತ್ರೆಯ ಕೋಣೆಯಲ್ಲಿ ಹೆದರಿ ಬಾಯಿ ಬಿಗಿಹಿಡಿದ ಮಗುವಿನಿಂದ ವೈದ್ಯರಿಗೆ ಸಿಗದ ಮಾಹಿತಿ ಆ ಐದು ನಿಮಿಷದಲ್ಲಿ ಇರುತ್ತದೆ.